ನಮ್ಮ ಟೆರೇಸಿನ ಹವಾವಾಲಿ

ಗೊರ್ ಎಂದು ಒಂದೇ ಶ್ರುತಿಯಲ್ಲಿ, ಉಸಿರು ತೆಗೆದುಕೊಳ್ಳದೆ ಕೂಗುವ ಸದ್ದು ಅದು. ಮೊನ್ನೆ ಪಕ್ಕದ ಫ್ಲಾಟಿನವರು ಹೊಸ ವ್ಯಾಕ್ಯೂಮ್ ಕ್ಲೀನರ್ ಚಾಲೂ ಮಾಡಿದಾಗ ನಾನು ಕೈಯಲ್ಲಿದ್ದ ಪೇಪರು ಮಡಿಚಿಟ್ಟು ಸೀಲಿಂಗ್ ಕಡೆ ನೋಡಿದೆ. ಮೇಲೆ ಟೆರೇಸಿನಲ್ಲಿ ಮಷೀನು ನಡೆಯುತ್ತಿದೆ, ಹಾಗಾದರೆ ಆ ಹುಡುಗಿ ಬಂದಿದ್ದಾಳೆ, ಚಹಾಕ್ಕೆ ಇಡಬೇಕು... ಎಂದು ಎದ್ದೇ ಬಿಟ್ಟಿದ್ದೆ. ಸಿಲ್ಲಿ, ಅಲ್ಲವೇ? ಆ ಮಷೀನು ಹೋಗಿ ಎಷ್ಟು ವರ್ಷವಾಯಿತು.

ಪುಣೆಯ ಹಡಪಸರದ ನಮ್ಮ ಸೊಸೈಟಿಯ ಟೆರೇಸಿನ ಮೇಲೆ ಸರ್ಕಾರದವರು ಗಾಳಿ ಅಳೆಯುವ ಸ್ಯಾಂಪ್ಲರ್ ಇಟ್ಟಿದ್ದರು. ಪಾರಿವಾಳದ ಗೂಡಿನಂತೆ ಇಳಿಜಾರು ಮಾಡು ಹೊತ್ತ, ಎದೆಯೆತ್ತರದ ಅಲ್ಯೂಮಿನಿಯಂ ಪೆಟ್ಟಿಗೆ. ಅದು ಸುತ್ತಲಿನ ಗಾಳಿಯನ್ನು ಎಳೆದುಕೊಳ್ಳುತ್ತಿತ್ತು. ಒಳಗಿಟ್ಟ ಬಿಳಿಯ ಫಿಲ್ಟರ್ ಕಾಗದದ ಮೇಲೆ ಧೂಳು ಕೂರುತ್ತಿತ್ತು. ಆ ಕಾಗದವನ್ನು ಲ್ಯಾಬಿನಲ್ಲಿ ತೂಗಿ, ನಾವು ಎಂಥ ಗಾಳಿ ಕುಡಿಯುತ್ತಿದ್ದೇವೆ ಎಂದು ಲೆಕ್ಕ ಹಾಕುತ್ತಿದ್ದರು. ವಾರಕ್ಕೆರಡು ದಿನ ಮಷೀನು ನಡೆಯುತ್ತಿತ್ತು. ಬೆಳಿಗ್ಗೆ, ಸಂಜೆ, ರಾತ್ರಿ ಕಾಗದ ಬದಲಿಸಲು ಬರುತ್ತಿದ್ದವಳು ಅವಳು. ನಮ್ಮ ಬಿಲ್ಡಿಂಗಿನಲ್ಲಿ ಅವಳ ಹೆಸರು ಯಾರೂ ಕೇಳಲಿಲ್ಲ. ಎಲ್ಲರಿಗೂ ಅವಳು ಹವಾವಾಲಿ. ಹಾಲಿನವನು, ಪೇಪರಿನವನು ಇದ್ದ ಹಾಗೆ ಗಾಳಿಯವಳು.

ಮೊದಲ ಸಲ ಬಾಗಿಲು ತಟ್ಟಿ ಟೆರೇಸಿನ ಬೀಗದ ಕೈ ಕೇಳಿದಾಗ ಮರಾಠಿಯಲ್ಲೇ ಮಾತಾಡಿದಳು. ನಾನು ಒಳಗೆ ನಮ್ಮವರಿಗೆ "ಕೀಲಿಕೈ ಎಲ್ಲದ ನೋಡ್ರಿ" ಎಂದು ಕೂಗಿದ್ದೇ ತಡ, ಅವಳ ಮುಖ ಅರಳಿತು. "ಅಯ್ಯ, ನೀವು ನಮ್ಮವ್ರೇನ್ರಿ ಆಂಟಿ?" ಅಂದಳು. ಯಾದಗಿರಿ ಕಡೆಯಿಂದ ಅವಳ ತಾಯಿತಂದೆ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದವರು. ಯೆರವಡಾದಲ್ಲಿ ಒಂದೇ ಕೋಣೆಯ ಖೋಲಿಯಲ್ಲಿ ವಾಸ. ತಂದೆ ತೀರಿಕೊಂಡಿದ್ದರು. ತಾಯಿ ಇನ್ನೂ ಸೈಟಿನಲ್ಲಿ ಸಿಮೆಂಟು, ಉಸುಕು ಹೊರುತ್ತಿದ್ದಳು. ಮಗಳು ಮರಾಠಿ ಮೀಡಿಯಮ್ಮಿನಲ್ಲಿ ಕಲಿತು, ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿ, ಈ ಕಾಂಟ್ರ್ಯಾಕ್ಟ್ ಕೆಲಸ ಹಿಡಿದಿದ್ದಳು.

"ಇದು ನೌಕ್ರಿ ಅಲ್ರಿ ಆಂಟಿ, ನೌಕ್ರಿ ನೆಳ್ಳು," ಅನ್ನುತ್ತಿದ್ದಳು. "ಫೀಲ್ಡ್ ಆಫೀಸರ್ ಪರೀಕ್ಷಾ ಪಾಸಾದೆ ಅಂದ್ರ ಪರ್ಮನೆಂಟ್. ಆಗ ಫ್ಯಾಕ್ಟ್ರಿ ಗೇಟಿಗೆ ಹೋಗಿ ನಾನೇ ನೋಟಿಸ್ ಕೊಡ್ತೀನಿ. ಈಗ ಬರೇ ಯಾರ ಎದಿಯಾಗ ಎಷ್ಟು ಧೂಳ ಹೊಂಟದ ಅಂತ ನೋಡೋದು ಅಷ್ಟೇ."

ಬೆಳಗಿನ ಕಾಗದ ಹಾಕಿದ ಮೇಲೆ ಸಂಜೆಯವರೆಗೆ ಯೆರವಡಾಕ್ಕೆ ಹೋಗಿ ಬರುವುದೇಕೆ? ನನ್ನ ಡೈನಿಂಗ್ ಟೇಬಲ್ಲೇ ಅವಳ ರೀಡಿಂಗ್ ರೂಮ್ ಆಯಿತು. ಗಾಳಿಯ ಕಾಯಿದೆ, ಹೊಗೆ ಚಿಮಣಿಗಳ ನಿಯಮ, ಎಂಥೆಂಥದೋ ಗ್ಯಾಸುಗಳು. ನಾನು ಅವಳಿಗೆ ಇಂಗ್ಲಿಷ್ ಹೇಳಿಕೊಡಲು ಹೊರಟೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು ಪೆನ್ಸಿಲಿನಿಂದ ಗಿಣ್ಣಿಗೆ ಹೊಡೆದು ಕಲಿಸಿದ ಇಂಗ್ಲಿಷ್. "ಐ ಬೆಗ್ ಯುವರ್ ಪಾರ್ಡನ್, ಸರ್" ಎಂದು ಹತ್ತು ಸಲ ಹೇಳಿಸಿದೆ. ಅವಳು ಹೇಳಿ ಮುಗಿಸಿ, "ನಾ ಏನ್ ತಪ್ಪ ಮಾಡೀನಂತ ಇಷ್ಟು ಮಾಫಿ ಕೇಳಬೇಕ್ರಿ?" ಅಂದಳು. ಅದಕ್ಕೆ ಉತ್ತರ ಸಿಸ್ಟರುಗಳೂ ನನಗೆ ಕೊಟ್ಟಿರಲಿಲ್ಲ.

ಆ ಬೇಸಿಗೆಯಲ್ಲಿ, ಲಿಖಿತ ಪರೀಕ್ಷೆ ಪಾಸಾಗಿ ಇಂಟರ್‌ವ್ಯೂ ಹತ್ತಿರ ಬಂದ ಹೊತ್ತಿನಲ್ಲಿ, ಒಂದು ವಿಚಿತ್ರ ಶುರುವಾಯಿತು. ರಾತ್ರಿಯ ಕಾಗದ ಎಂದಿನಂತೆ ಬೂದಿ ಬಣ್ಣ. ಹಗಲಿನ ಕಾಗದ ಮಾತ್ರ ಹೊಸ ಕರ್ಚೀಫಿನಂತೆ ಬಿಳಿ. ಹಡಪಸರದ ಹಗಲು, ಎದುರಿಗೆ ಲಾರಿಗಳು ಓಡುವ ರಸ್ತೆ, ಅದರಾಚೆ ಕಾಂಕ್ರೀಟು ಕಲಸುವ ಪ್ಲಾಂಟು... ಕಾಗದ ಬಿಳಿ. ಅವಳು ಮೋಟಾರು ನೋಡಿದಳು, ರಬ್ಬರು ಬದಲಿಸಿದಳು. ಆಫೀಸಿನಲ್ಲಿ ಮಾತು ಬೇರೆಯೇ ನಡೆಯಿತು. ಈ ಹುಡುಗಿ ಹಗಲು ಮಷೀನು ಬಂದ್ ಮಾಡಿ ಎಲ್ಲೋ ಕೂತು ಓದುತ್ತಾಳೆ ಎಂದು. ಅದು ನಿಜವೆಂದು ಬರೆದರೆ ಇದ್ದ ಕೆಲಸವೂ ಹೋಗುತ್ತಿತ್ತು, ಬರಬೇಕಾದ ಕೆಲಸವೂ.

ಒಂದು ಮಧ್ಯಾಹ್ನ ಅವಳ ಸಾಹೇಬರು ಹೇಳದೆ ಕೇಳದೆ ಬಂದರು. ಬಾಗಿಲು ತೆರೆದವಳು ನಾನು. ಅವಳಿಗೆ ಸಹಾಯವಾಗಲಿ ಎಂದು ನನ್ನ ಬೆಸ್ಟ್ ಇಂಗ್ಲಿಷಿನಲ್ಲಿ, "ಸಚ್ ಎ ಹಾರ್ಡ್‌ವರ್ಕಿಂಗ್ ಗರ್ಲ್, ಸರ್. ದಿನವಿಡೀ ನನ್ನ ಟೇಬಲ್ ಬಿಟ್ಟು ಏಳುವುದಿಲ್ಲ" ಅಂದೆ. ಸಾಹೇಬರ ಹುಬ್ಬು ಮೇಲೇರಿತು. ಪುಸ್ತಕದ ಮುಂದಿದ್ದ ಅವಳು ಕಣ್ಣು ಮುಚ್ಚಿಕೊಂಡಳು.

ಮೂವರೂ ಟೆರೇಸು ಹತ್ತಿದೆವು. ಮಷೀನು ಗೊರ್ ಎನ್ನುತ್ತಲೇ ಇತ್ತು. ಸುತ್ತಲೂ ಪ್ಲಾಸ್ಟಿಕ್ ಹಾಳೆಗಳ ಮೇಲೆ ಅಕ್ಕಿ ಸಂಡಿಗೆ. ನಡುವೆ ಆ ಸ್ಯಾಂಪ್ಲರು, ಗುಲಾಬಿ ಹೂವಿನ ಒದ್ದೆ ಬೆಡ್‌ಶೀಟು ತಲೆಯಿಂದ ಸೊಂಟದ ತನಕ ಹೊದ್ದುಕೊಂಡು, ಬಟ್ಟೆಯ ಕ್ಲಿಪ್ಪು ಹಾಕಿಸಿಕೊಂಡು, ಹೊಸ ಸೊಸೆಯ ಹಾಗೆ ನಿಂತಿತ್ತು.

"ಹೇ ಕಾಯ್ ಆಹೆ?" ಎಂದರು ಸಾಹೇಬರು. ಇದೇನು ಎಂದು ನಾವೂ ಕೇಳಬೇಕಾಗಿತ್ತು.

ನೀರಿನ ಟಾಂಕಿಯ ನೆರಳಿನಿಂದ ಕೆಳಗಿನ ಹೋಟೆಲಿನ ಅಕ್ಕ ಎದ್ದು ಬಂದರು. ಕುಂದಾಪುರದ ಕಡೆಯವರು, ಕಾಗೆ ಓಡಿಸಲು ಕೈಯಲ್ಲಿ ಕೋಲು ಹಿಡಿದಿದ್ದರು. "ನಾನೇ ಹಾಕಿದ್ದು ಮಾರಾಯ್ರೆ. ಎಂತ ಧೂಳು ಇಲ್ಲಿ. ನನ್ನ ಮಿಕ್ಸಿಗೇ ನಾನು ಕವರ್ ಹೊಲಿಸಿದ್ದೇನೆ. ಇದು ಸರ್ಕಾರದ ಮಷೀನು, ಬೋಳು ಬಿಟ್ಟರೆ ಹಾಳಾಗುದಿಲ್ವಾ? ಹಾಳಾದ್ರೆ ಈ ಹೆಣ್ಣಿನ ಕೆಲಸ ಹೋಗುದಿಲ್ವಾ? ಸಂಡಿಗೆ ಹಾಕುವಾಗ ಹೊದೆಸ್ತೇನೆ, ಇವಳು ಬರುವ ಮೊದಲು ತೆಗೀತೇನೆ. ಉಪಕಾರ ಮಾಡಿದ್ದು ಹೇಳಿಕೊಳ್ಳಬಾರದಲ್ಲ."

ಸಾಹೇಬರು ಗೋಡೆಗೆ ಕೈಯೂರಿ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ. ಕ್ಲಿಪ್ಪು ಒಂದೊಂದಾಗಿ ಬಿಚ್ಚಿದಳು, ಬೆಡ್‌ಶೀಟನ್ನು ನೀಟಾಗಿ ಮಡಿಚಿ ಅಕ್ಕನ ಕೈಗೆ ಕೊಡದೆ ತನ್ನ ಕಂಕುಳಲ್ಲಿಟ್ಟುಕೊಂಡಳು. ಮರಾಠಿಯಲ್ಲಿ, ಮೆಲ್ಲಗೆ, "ಸರ್, ಈ ಬೇಸಿಗೆಯ ಹಗಲಿನ ಅಂಕಿಗಳನ್ನೆಲ್ಲ ರದ್ದು ಮಾಡಬೇಕು" ಅಂದಳು.

ಅವರು ನಗು ನಿಲ್ಲಿಸಿದರು. ಕೆಟ್ಟವರಲ್ಲ ಅವರು. ಅವಳ ಒಳ್ಳೆಯದಕ್ಕೇ ಹೇಳಿದರು. ಅಂಕಿ ಈಗಾಗಲೇ ಮೇಲೆ ಹೋಗಿದೆ, ಏರಿಯಾ ಕ್ಲೀನ್ ಎಂದಾಗಿದೆ, ಯಾರಿಗೂ ತಕರಾರಿಲ್ಲ. ರದ್ದು ಎಂದರೆ ಕಾರಣ ಬರೆಯಬೇಕು, ಕಾರಣದ ಜೊತೆ ನಿನ್ನ ಹೆಸರು ಹೋಗುತ್ತದೆ. ಇಂಟರ್‌ವ್ಯೂ ಮುಂದಿದೆ. ಯೋಚಿಸು.

"ಅದು ಗಾಳಿಯ ಅಂಕಿ ಅಲ್ಲ ಸರ್, ಬೆಡ್‌ಶೀಟಿನದು," ಅಂದಳು. "ಹೆಸರು ಹೋಗಲಿ."

ಸಾಹೇಬರು ಇಳಿದು ಹೋದ ಮೇಲೆ ಮೆಟ್ಟಿಲ ಮೇಲೆ ಕೂತು ಅತ್ತಳು. ಹೋಟೆಲಿನ ಅಕ್ಕನೂ ಪಕ್ಕದಲ್ಲಿ ಕೂತು ಅವಳಿಗಿಂತ ಜೋರಾಗಿ ಅತ್ತರು. ಕೊನೆಗೆ ಅವಳೇ, "ಅಕ್ಕ, ನೀವು ಸುಮ್ಮನಾಗ್ರಿ, ನಿಮ್ಮ ಸಂಡಿಗಿ ಕಾಗಿ ತಿನ್ನಾಕತ್ತಾವ" ಎಂದು ಸಮಾಧಾನ ಮಾಡಬೇಕಾಯಿತು.

ಇಂಟರ್‌ವ್ಯೂ ದಿನ ನಾನು ಬೆಳಗಿನಿಂದ ಏನೂ ತಿನ್ನಲಿಲ್ಲ. ಸಂಜೆ ಬಂದವಳೇ ಚಪ್ಪಲಿ ಬಿಡುತ್ತಲೇ ಹೇಳಿದಳು. ಅವರು ಕೇಳಿದ್ದು ಅದನ್ನೇ! ನಿನ್ನ ಸ್ಟೇಷನ್ನಿನ ಅಂಕಿ ಯಾಕೆ ರದ್ದಾಯಿತು ಎಂದು. ಇವಳು ಸಂಡಿಗೆಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿದಳಂತೆ. ಎಲ್ಲರೂ ನಕ್ಕರಂತೆ.

"ನಗಲಿ ಅಂತ ಬಿಟ್ಟೆರಿ ಆಂಟಿ. ಆಮ್ಯಾಲ ಅಂದೆ, ಆ ಬೆಡ್‌ಶೀಟ್ ಮನಿಗಿ ಒಯ್ದು ಬಕೆಟ್ಟಿನ್ಯಾಗ ಹಿಂಡೀನಿ, ನೀರು ಇದ್ದಿಲಿನಂಗ ಕರ್ರಗ ಬಂತು. ಹಡಪಸರದ ಖರೇ ಗಾಳಿ ಆ ಬಕೆಟ್ಟಿನ್ಯಾಗ ಅದ. ಆದ್ರ ಅದನ್ನ ತೂಗೋ ಮೆಥಡ್ ನಿಮ್ಮ ಪುಸ್ತಕದಾಗ ಇಲ್ಲ, ಅದಕ್ಕ ರದ್ದು ಅಂತ ಬರದೀನಿ. ಆಗ ಯಾರೂ ನಗಲಿಲ್ರಿ."

"ಪಾರ್ಡನ್ ಕೇಳಿದೆಯಾ?" ಅಂದೆ.

"ಒಂದ್ ಸಲಾನೂ ಇಲ್ರಿ," ಅಂದಳು.

ನೇಮಕದ ಆರ್ಡರು ಬಂದ ದಿನ ನಮ್ಮ ಮೆಟ್ಟಿಲಲ್ಲಿ ಹಬ್ಬ. ಹೋಟೆಲಿನ ಅಕ್ಕ ಆ ಬೇಸಿಗೆಯ ಸಂಡಿಗೆಯನ್ನೆಲ್ಲ ಕರಿದು ತಟ್ಟೆತಟ್ಟೆಯಾಗಿ ಹಂಚಿದರು. "ಇದರ ಒಂದೊಂದು ತುಂಡೂ ಸರ್ಕಾರಿ ದಾಖಲೆಯಲ್ಲಿ ಉಂಟು, ತಿನ್ನಿ" ಎಂದು ಎಲ್ಲರಿಗೂ ಹೇಳುತ್ತಿದ್ದರು. ಅವಳು ತಾಯಿಯನ್ನು ಕರೆತಂದಿದ್ದಳು. ಸಣ್ಣ ಮೈಕಟ್ಟಿನ, ಸೆರಗು ತಲೆಗೆ ಹೊದ್ದ ಹೆಂಗಸು. ಮೆಟ್ಟಿಲು ಹತ್ತುವಾಗ ನಿಂತು ನಿಂತು ಕೆಮ್ಮಿದಳು. ಟೆರೇಸಿನಲ್ಲಿ ಮಷೀನಿನ ಸುತ್ತ ಒಂದು ಸುತ್ತು ಬಂದು ಅದರ ಬೆನ್ನು ಸವರಿ, "ನಂದೂ ಇದರದೂ ಒಂದೇ ಕೆಲಸ ಬಿಡವ್ವಾ. ಧೂಳ ಕುಡಿಯೋದು. ಇದಕ್ಕ ಮಾತ್ರ ಕಾಗದ ಬದಲ್ ಮಾಡ್ತಾರ" ಅಂದಳು. ಮಗಳು ಅವಳ ಭುಜ ಹಿಡಿದುಕೊಂಡು, "ಇನ್ನ ನೀ ಉಸುಕು ಹೊರಾದು ಬಂದ್" ಅಂದಳು. ಮಾರನೆಯ ದಿನದಿಂದ ತಾಯಿ ಸೈಟಿಗೆ ಹೋಗಲೇ ಇಲ್ಲ.

ಆಮೇಲೆ ಎಲ್ಲವೂ ಚೆಲ್ಲಾಪಿಲ್ಲಿಯಾಯಿತು. ತಾನೇ ಅಳೆಯುವ, ತಾನೇ ಅಂಕಿ ಕಳಿಸುವ ಮಷೀನುಗಳು ಊರಿಗೆ ಬಂದವು, ನಮ್ಮ ಟೆರೇಸಿನದನ್ನು ಟೆಂಪೋದಲ್ಲಿ ಹೇರಿಕೊಂಡು ಹೋದರು. ಹೋಟೆಲಿನ ಅಕ್ಕ ಊರಿಗೆ ಮರಳಿದರು. ನಮ್ಮವರು ತೀರಿಹೋದರು. ಅವಳಿಗೆ ವಿದರ್ಭದ ಕಡೆ ಟ್ರಾನ್ಸ್‌ಫರ್ ಆಯಿತು ಎಂದು ಕೇಳಿದೆ. ಮೊದಲಿಗೆ ದೀಪಾವಳಿಗೆ ಫೋನು ಮಾಡುತ್ತಿದ್ದಳು, ಮತ್ತೆ ನಂಬರು ಬದಲಾಗಿರಬೇಕು... ಐ ಮಿಸ್ ಹರ್. ಇದನ್ನು ಕನ್ನಡದಲ್ಲಿ ಬರೆದು ಎರಡು ಸಲ ಹೊಡೆದುಹಾಕಿದೆ, ಅದಕ್ಕೇ ಇಂಗ್ಲಿಷಿನಲ್ಲಿ ಬರೆದೆ.

ಕೊನೆಯ ಸಲ ನೋಡಿದ್ದು ಟ್ರಾನ್ಸ್‌ಫರಿಗೆ ಮುಂಚೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ರಿಕ್ಷಾದಲ್ಲಿ ಮರಳುತ್ತಿದ್ದೆ. ಆ ಕಾಂಕ್ರೀಟು ಪ್ಲಾಂಟಿನ ಮುಂದೆ ಟ್ರಾಫಿಕ್ ನಿಂತಿತ್ತು. ಗೇಟಿನಲ್ಲಿ ಸರ್ಕಾರದ ಜೀಪು, ಹಳದಿ ಹೆಲ್ಮೆಟ್ಟಿನ ಕೆಳಗೆ ಅವಳ ಮುಖ. ಪ್ಲಾಂಟಿನ ಮ್ಯಾನೇಜರು ಕೈಜೋಡಿಸಿ, ಧೂಳು ತಡೆಯುವ ಹಸಿರು ಬಲೆಯನ್ನು ಉದ್ಯಾ ಕಟ್ಟುತ್ತೇವೆ ಮ್ಯಾಡಮ್, ನಾಳೆ ಕಟ್ಟುತ್ತೇವೆ ಎಂದು ಗೋಗರೆಯುತ್ತಿದ್ದ.

"ಉದ್ಯಾ ನಾಹೀ," ಅಂದಳು ಅವಳು. "ಆತ್ತಾ." ನಾಳೆ ಅಲ್ಲ, ಈಗ.

ರಿಕ್ಷಾದವನು ತಿರುಗಿ ನೋಡಿ, ಹೆಣ್ಣು ಭಾರೀ ಜೋರಿದ್ದಾಳೆ ಅಂದ. ನಮ್ಮ ಮನೆಯ ಹುಡುಗಿ ಎಂದೆ. ಅವನು ನಂಬಿದಂತೆ ಕಾಣಲಿಲ್ಲ. ಕೂಗಿ ಕರೆಯಬಹುದಿತ್ತು, ಕರೆಯಲಿಲ್ಲ. ಆಳುಗಳು ಹಗ್ಗ ಜಗ್ಗುತ್ತಿದ್ದರು, ಬಲೆ ಕಂಬದ ಅರ್ಧಕ್ಕೆ ಏರಿತ್ತು. ಮುಂದಿನ ಲಾರಿ ಕದಲಿತು, ನಮ್ಮ ರಿಕ್ಷಾನೂ ಕದಲಿತು. ನಾನು ಹೊರಗೆ ಕತ್ತು ಚಾಚಿ ನೋಡುತ್ತಲೇ ಇದ್ದೆ. ಅವಳು ತಲೆಯೆತ್ತಿ ನಿಂತು, ಕೈಯಿಂದ ಇನ್ನೂ ಮೇಲೆ, ಇನ್ನೂ ಮೇಲೆ ಎಂದು ತೋರಿಸುತ್ತಿದ್ದಳು.