ಕಲಶದ ಪಕ್ಕದ ಬ್ಯಾಗು

ಹೆದರಿಕೊಳ್ಳಲು ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಬಸ್ ಸ್ಟಾಪಿನಿಂದ ವಾಪಸ್ ಬಂದು ನೋಡುವವಳು ನಾನು. ಅಂಥವಳಿಗೆ ತಂಗಿಯ ನಿಶ್ಚಿತಾರ್ಥಕ್ಕೆ ಒಂದು ಬ್ಯಾಗು ಆರಿಸುವ ಕೆಲಸ ಬಂತು.

ಆಗ ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆ ಕೆಲಸ ನಡೆಯುತ್ತಿತ್ತು. ನಾನು ಯಲಹಂಕದಲ್ಲಿ ಗಂಡನ ಜೊತೆ ಇದ್ದೆ, ಅಲ್ಲೇ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ. ಅಮ್ಮ, ತಂಗಿ ಜಾಲಹಳ್ಳಿಯ ಬಾಡಿಗೆ ಮನೆಯಲ್ಲಿದ್ದರು. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ತಂಗಿಗೆ ಆಗಲೇ ಎರಡು ಸಂಬಂಧ ಇನ್ನೇನು ಕೂಡಿತು ಅನ್ನುವಾಗ ತಪ್ಪಿಹೋಗಿದ್ದವು. ಇದು ಮೂರನೆಯದು. ಗಂಡಿನ ಕಡೆಯವರು ಸಂಜಯನಗರದವರು, ಸ್ವಂತ ಮನೆ, ಅನುಕೂಲಸ್ಥರು. ನಮ್ಮ ಮನೆಯಲ್ಲಿ ಜಾಗ ಸಾಲದು ಅಂತ ನಿಶ್ಚಿತಾರ್ಥ ಅವರಲ್ಲೇ ಇಟ್ಟುಕೊಂಡರು. ಇದೂ ತಪ್ಪಿದರೆ ಅಮ್ಮ ಹಾಸಿಗೆ ಹಿಡಿಯುತ್ತಾಳೆ ಅಂತ ನನಗೆ ಖಾತ್ರಿಯಾಗಿತ್ತು.

ನನ್ನ ಹತ್ತಿರ ಎರಡು ಬ್ಯಾಗಿದ್ದವು. ಒಂದು ಯಶವಂತಪುರದ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದ ಕಪ್ಪು ರೆಕ್ಸಿನ್ನಿನದು. ಊಟದ ಡಬ್ಬಿ, ಛತ್ರಿ, ನೀರಿನ ಬಾಟ್ಲಿ ಎಲ್ಲ ನುಂಗುತ್ತಿತ್ತು. ಜಿಪ್ಪು ತೆಗೆದರೆ ನಿನ್ನೆಯ ಚಿತ್ರಾನ್ನದ ವಾಸನೆ. ಇನ್ನೊಂದು ಯಾರದೋ ಮದುವೆಯಲ್ಲಿ ಕೊಟ್ಟ ರೇಷ್ಮೆ ಬಟ್ಟೆಯ ಪುಟ್ಟ ಚೀಲ, ಅದರಲ್ಲಿ ಮೊಬೈಲ್ ಇಟ್ಟರೆ ಕರ್ಚೀಫಿಗೆ ಜಾಗವಿಲ್ಲ. ನಿಶ್ಚಿತಾರ್ಥದ ದಿನ ಹೆಣ್ಣಿನ ಅಕ್ಕನ ಬ್ಯಾಗಿನಲ್ಲಿ ಏನೇನಿರಬೇಕು ಅಂತ ಪಟ್ಟಿ ಮಾಡಿದ್ದೆ: ಉಂಗುರದ ಡಬ್ಬಿ, ಪಿನ್ನುಗಳು, ಸೂಜಿ ದಾರ, ಅಮ್ಮನ ಬಿ.ಪಿ. ಮಾತ್ರೆ, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. ಇಷ್ಟೆಲ್ಲ ಹಿಡಿಸಬೇಕು, ಆದರೆ ರೇಷ್ಮೆ ಸೀರೆಯ ಜೊತೆ ತರಕಾರಿ ಚೀಲದ ಹಾಗೆ ಕಾಣಬಾರದು.

"ಆ ಊಟದ ಚೀಲ ತಗೊಂಡು ಬಂದ್ಯೋ, ನಿನ್ನ ಗೇಟ್ ಒಳಗೇ ಬಿಡಲ್ಲ," ಅಂದಳು ಅಮ್ಮ.

ಶಾಲೆಯಲ್ಲಿ ನನ್ನ ಜೊತೆ ಊಟ ಮಾಡುತ್ತಿದ್ದ ಟೀಚರೊಬ್ಬರು ಉರಿಯುವ ಬೆಂಕಿಗೆ ತುಪ್ಪ ಸುರಿದರು. "ದುಡ್ಡಿರೋರು ಸೀರೆ ನೋಡಲ್ಲ ಕಣ್ರೀ, ಚಪ್ಪಲಿ ಬ್ಯಾಗು ನೋಡ್ತಾರೆ. ರೆಕ್ಸಿನ್ ಯಾವ್ದು, ಲೆದರ್ ಯಾವ್ದು ಅಂತ ದೂರದಿಂದ್ಲೇ ಗೊತ್ತಾಗತ್ತೆ ಅವರಿಗೆ." ಅವತ್ತಿನಿಂದ ನನಗೆ ಬಸ್ಸಿನಲ್ಲಿ ಹೆಂಗಸರ ಮುಖ ಕಾಣುವುದು ನಿಂತುಹೋಯಿತು. ಬರೀ ಬ್ಯಾಗುಗಳೇ.

ಆರ್.ಟಿ. ನಗರದ ಫ್ಯಾನ್ಸಿ ಸ್ಟೋರುಗಳನ್ನು ಸುತ್ತಿದೆ. ಚೆನ್ನಾಗಿದ್ದದ್ದು ಚಿಕ್ಕದು, ದೊಡ್ಡದಾಗಿದ್ದದ್ದಕ್ಕೆ ಮೈತುಂಬ ಚಿನ್ನದ ಬಣ್ಣದ ಬಕಲ್ಲು. ಹೆಬ್ಬಾಳದ ಕಡೆಯ ಮಾಲಿಗೆ ಹೋಗಿ ಒಂದರ ಬೆಲೆಚೀಟಿ ತಿರುಗಿಸಿ ನೋಡಿ, ಬಿಸಿ ಪಾತ್ರೆ ಮುಟ್ಟಿದವಳಂತೆ ಬಿಟ್ಟೆ. "ನಿಶ್ಚಿತಾರ್ಥ ನಿನ್ನ ತಂಗಿಗೋ, ಬ್ಯಾಗಿಗೋ?" ಅಂತ ನನ್ನ ಗಂಡ ಕೇಳಿದರು. ನಾನು ಎರಡು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಕೊನೆಗೆ ಸಿಕ್ಕಿದ್ದು ಆರ್.ಟಿ. ನಗರದ ಒಂದು ಕಲ್ಯಾಣ ಮಂಟಪದಲ್ಲಿ. ಮದುವೆಯಿಲ್ಲದ ದಿನಗಳಲ್ಲಿ ಅಲ್ಲಿ ಮೂರು ದಿನದ ಲೆದರ್ ಮೇಳ ಹಾಕುತ್ತಿದ್ದರು. ಕಂದು ಬಣ್ಣದ, ಎರಡು ಹಿಡಿಯ, ಸರಳವಾದ ಬ್ಯಾಗು. ನಾನು ಅನುಮಾನದಿಂದ ಹಿಂದೆ ಮುಂದೆ ನೋಡುತ್ತಿದ್ದಾಗ ಅಂಗಡಿಯವನು ಜೇಬಿನಿಂದ ಲೈಟರ್ ತೆಗೆದು, ಹಿಡಿಗೆ ನೇತುಹಾಕಿದ್ದ ರೂಪಾಯಿಯಗಲದ ಬಿಲ್ಲೆಗೆ ಬೆಂಕಿ ಹಿಡಿದ. "ನೋಡಿ ಮೇಡಂ, ರೆಕ್ಸಿನ್ ಆಗಿದ್ರೆ ಕರಗ್ಬೇಕಿತ್ತು. ಪ್ಯೂರ್ ಲೆದರ್." ಬಿಲ್ಲೆ ಕರಗಲಿಲ್ಲ. ನಾನು ಕರಗಿದೆ. ಅಂದುಕೊಂಡದ್ದರ ಮೂರು ಪಟ್ಟು ಕೊಟ್ಟು ತಂದು, ಅಮ್ಮನಿಗೆ ಅರ್ಧ ಬೆಲೆ ಹೇಳಿದೆ.

ನಿಶ್ಚಿತಾರ್ಥದ ಬೆಳಿಗ್ಗೆ ಸಂಜಯನಗರದ ಮನೆಯ ಮುಂದೆ ಚಪ್ಪರ, ವಾಲಗದವರು, ಒಳಗೆ ನಡುಮನೆಯಲ್ಲಿ ಕಲಶ, ತಟ್ಟೆಗಳ ಸಾಲು. ಬಾಗಿಲ ಪಕ್ಕದಲ್ಲಿ ಒಂದು ಮರದ ಕುರ್ಚಿ ಹಾಕಿಕೊಂಡು ಗಂಡಿನ ಅಜ್ಜಿ ಒಬ್ಬರೇ ಕೂತಿದ್ದರು. ಅವರ ಮಡಿಯ ಬಗ್ಗೆ ನಾವು ಮೊದಲೇ ಕೇಳಿದ್ದೆವು. ತಲೆಗೂದಲು ಒದ್ದೆ, ಕಣ್ಣು ಧೂಪದ ಹೊಗೆಗೆ ಕೆಂಪಾಗಿದ್ದವು. ಯಾರಿಂದಲೂ ಮುಟ್ಟಿಸಿಕೊಳ್ಳದೆ, ಏನನ್ನೂ ಮುಟ್ಟದೆ, ಒಳಗೆ ಹೋಗುವ ಒಂದೊಂದು ವಸ್ತುವನ್ನೂ ನೋಡುತ್ತಿದ್ದರು. ನಾನು ನಮಸ್ಕಾರ ಮಾಡಲು ಬಗ್ಗಿದರೆ ಕಾಲು ಹಿಂದಕ್ಕೆಳೆದುಕೊಂಡರು. ಆಮೇಲೆ ನನ್ನ ತೋಳಿನ ಕಡೆ ಬೆರಳು ತೋರಿಸಿದರು.

"ಚರ್ಮದ್ದೇನಮ್ಮಾ ಅದು?"

ಚಪ್ಪಲಿ ಬಿಟ್ಟು ಒಳಗೆ ಬರಬೇಕೆಂದು ಗೊತ್ತಿದ್ದ ನನಗೆ, ಬ್ಯಾಗಿಗೂ ಅದೇ ಲೆಕ್ಕ ಅಂತ ಹದಿನೈದು ದಿನದ ಅಲೆದಾಟದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಹೌದು ಅಂದಿದ್ದರೆ ಆಗುತ್ತಿದ್ದದ್ದಿಷ್ಟೇ: ಉಂಗುರ ತೆಗೆದುಕೊಂಡು ಬ್ಯಾಗನ್ನು ಹೊರಗೆ ಚಪ್ಪಲಿ ಪಕ್ಕ ಇಡುವುದು. ಆದರೆ ಹಿಂದೆ ಅಮ್ಮ ಇದ್ದಳು, ಪಕ್ಕದಲ್ಲಿ ತಂಗಿ ಇದ್ದಳು, ಗಂಡಿನ ಕಡೆಯ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಆಚಾರ ಗೊತ್ತಿಲ್ಲದ ಮನೆಯ ಹೆಣ್ಣು ಅಂತ ಇದೂ ತಪ್ಪಿಹೋದರೆ?

"ಅಯ್ಯೋ ಇಲ್ಲ ಅಜ್ಜಿ, ರೆಕ್ಸಿನ್ನು," ಅಂದೆ.

"ಹಾಗಾದ್ರೆ ಸರಿ. ಉಂಗುರ ಅದರಲ್ಲೇ ಇದ್ಯಲ್ಲ, ನೀನೇ ಹೋಗಿ ಕಲಶದ ಪಕ್ಕ ಇಡು. ಯಾರೂ ಎಡವಲ್ಲ."

ಇಟ್ಟೆ. ಡೋಲು ಮೊಳಗುತ್ತಿತ್ತು, ಲಗ್ನಪತ್ರಿಕೆ ಓದುತ್ತಿದ್ದರು, ನಾನು ಕಲಶದ ಪಕ್ಕದಲ್ಲಿ ಕುಳಿತ ಆ ಚರ್ಮವನ್ನು ನೋಡುತ್ತಿದ್ದೆ. ಅವತ್ತಿನ ಫೋಟೋಗಳಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ನಾನೊಬ್ಬಳು ನೆಲ ನೋಡುತ್ತಿದ್ದೇನೆ.

ಮದುವೆ ಚೆನ್ನಾಗಿಯೇ ನಡೆಯಿತು. ಮರುವರ್ಷ ತಂಗಿ ಬಸುರಿಯಾದಳು, ಮೂರನೇ ತಿಂಗಳಿಗೆ ಹೋಯಿತು. ಡಾಕ್ಟರು ಇದೆಲ್ಲ ಸಾಮಾನ್ಯ ಅಂದರು. ನಾನೂ ಹಾಗೇ ಅಂದೆ, ಮನೆಗೆ ಬಂದು ಬ್ಯಾಗನ್ನು ಹಳೆಯ ದಿಂಬಿನ ಕವರಿಗೆ ತುಂಬಿ ಅಟ್ಟದ ಮೇಲೆ ಹಾಕಿದೆ. ಎರಡು ವರ್ಷ ಬಿಟ್ಟು ಇನ್ನೊಂದು ಸಲವೂ ಹಾಗೇ ಆಯಿತು. ಆಗ ಅವರ ಮನೆಯಲ್ಲಿ ಯಾರೋ ಜೋಯಿಸರು ಕವಡೆ ಹಾಕಿ, ಶುಭಕಾರ್ಯದಲ್ಲಿ ಎಲ್ಲೋ ಮೈಲಿಗೆ ತಾಗಿದೆ ಅಂದರಂತೆ. ತಂಗಿ ಫೋನಿನಲ್ಲಿ ಅದನ್ನು ನಗುತ್ತಾ ಹೇಳಿದಳು. ನಾನು ಫೋನ್ ಇಟ್ಟು ಬಚ್ಚಲಿಗೆ ಹೋಗಿ ಅತ್ತೆ.

ಗಂಡನಿಗೆ ಎಲ್ಲ ಹೇಳಿದೆ. "ಅವತ್ತು ಬಾರಿಸಿದ ಡೋಲು ಏನ್ ಪ್ಲಾಸ್ಟಿಕ್ಕಾ? ಅದೂ ಚರ್ಮ ತಾನೆ?" ಅಂದರು. ಡೋಲು ಬೇರೆ, ಡೋಲು ಯಾರಿಗೂ ಸುಳ್ಳು ಹೇಳಿರಲಿಲ್ಲ. ನಾನು ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ದೇವರ ಮನೆಯಲ್ಲಿಟ್ಟೆ. ಒಮ್ಮೆ ಅಜ್ಜಿಯ ಮುಂದೆ ಒಪ್ಪಿಕೊಂಡೇಬಿಡೋಣ ಅಂತ ಸಂಜಯನಗರಕ್ಕೂ ಹೋದೆ. ಅಜ್ಜಿ ಕಾಫಿ ಕೊಟ್ಟು, "ನಿನ್ನ ತಂಗಿ ಬಂದ್ಮೇಲೆ ಈ ಮನೇಲಿ ನಗು ಕೇಳ್ಸತ್ತೆ ನೋಡು," ಅಂದರು. ಕಾಫಿ ಕುಡಿದು, ಊಟದ ಚೀಲ ಹೆಗಲಿಗೇರಿಸಿಕೊಂಡು ಬಂದುಬಿಟ್ಟೆ.

ನಿಶ್ಚಿತಾರ್ಥವಾಗಿ ಆರು ವರ್ಷಕ್ಕೆ ತಂಗಿ ಮೂರನೇ ಸಲ ಬಸುರಿಯಾದಳು. ಎಂಟನೇ ತಿಂಗಳಲ್ಲಿ ಬಿ.ಪಿ. ಏರಿ, ಸಂಜಯನಗರದ ನರ್ಸಿಂಗ್ ಹೋಮಿಗೆ ಸೇರಿಸಿದರು. ಬೆಳಿಗ್ಗೆ ಏಳಕ್ಕೆ ಅಮ್ಮನ ಫೋನು: "ಇವತ್ತೇ ಆಪರೇಷನ್ ಅಂತೆ ಕಣೆ, ಬೇಗ ಬಾ." ತಂಗಿಯ ಸ್ಕ್ಯಾನಿಂಗ್ ಫೈಲು ನನ್ನ ಹತ್ತಿರ ಇತ್ತು. ಫೈಲು ಹಿಡಿಸುವ ಬ್ಯಾಗಿಲ್ಲ. ಊಟದ ಚೀಲದಲ್ಲಿ ಮಡಚಬೇಕು, ಮಡಚಿದರೆ ಅಪಶಕುನವೇನೋ ಅಂತ ಅದಕ್ಕೂ ಹೆದರಿಕೆ. ಹೊರಗೆ ಕಸದ ಗಾಡಿಯ ಗಂಟೆ ಕೇಳಿಸಿತು. ಆ ಕ್ಷಣಕ್ಕೆ ನನಗೆ ಬೇರೇನೂ ಬೇಡವಾಯಿತು. ಅಟ್ಟದ ಮೇಲಿನ ಆ ಪೀಡೆ ಮನೆಯಿಂದ ಆಚೆ ಹೋಗಬೇಕು, ಮಗು ಹುಟ್ಟುವ ಮೊದಲು ಹೋಗಬೇಕು. ಸ್ಟೂಲ್ ಹತ್ತಿ ದಿಂಬಿನ ಕವರು ಎಳೆದೆ.

ಕೈತುಂಬ ಕಂದು ಹೊಟ್ಟು ಬಂತು. ನೆಲದ ಮೇಲೆ, ಸೀರೆಯ ಮೇಲೆ, ತಲೆಯ ಮೇಲೆ ಉದುರಿತು. ಬ್ಯಾಗು ಹೊರಗೆಳೆದರೆ ಮೈಯೆಲ್ಲ ಸಿಪ್ಪೆ ಸುಲಿದು, ಕೆಳಗೆ ಬಿಳಿ ಬಲೆಬಟ್ಟೆ ಕಾಣುತ್ತಿತ್ತು. ಯಶವಂತಪುರದ ನನ್ನ ಚೀಲಕ್ಕೂ ತಳದಲ್ಲಿ ಇಂಥದೇ ಬಲೆಬಟ್ಟೆ ಕಿತ್ತುಬಂದಿತ್ತು.

"ರೀ, ಬನ್ನಿ ಇಲ್ಲಿ!" ಅಂತ ಕೂಗಿದೆ.

ಗಂಡ ಹಲ್ಲುಜ್ಜುತ್ತಲೇ ಬಂದು ಉಗುರಿನಿಂದ ಕೆರೆದು ನೋಡಿದರು. "ಏ, ರೆಕ್ಸಿನ್ ಕಣೆ ಇದು! ಚೆನ್ನಾಗಿ ಟೋಪಿ ಹಾಕಿದಾನೆ ನಿಂಗೆ."

ಮೋಸ ಹೋದದ್ದಕ್ಕೆ ಅಷ್ಟು ಸಂತೋಷಪಟ್ಟವರು ಇನ್ನಾರೂ ಇರಲಿಕ್ಕಿಲ್ಲ. ನಾನು ಅಜ್ಜಿಗೆ ನಿಜವನ್ನೇ ಹೇಳಿದ್ದೆ! ಸ್ಟೂಲಿನ ಮೇಲೇ ಕೂತು ನಕ್ಕೆ. ಆಮೇಲೆ ಹಿಡಿಗೆ ನೇತಾಡುತ್ತಿದ್ದ ಬಿಲ್ಲೆ ಕಂಡಿತು. ಅದೊಂದು ಮಾತ್ರ ಒಂದು ಚೂರೂ ಸುಲಿದಿರಲಿಲ್ಲ. ಅಂಗಡಿಯವನು ಲೈಟರ್ ಹಿಡಿದದ್ದು ಆ ಬಿಲ್ಲೆಗೆ ಮಾತ್ರ, ಅದೊಂದೇ ನಿಜವಾದ ಚರ್ಮ. ರೂಪಾಯಿಯಗಲದ ಚರ್ಮ ಕಲಶದ ಪಕ್ಕದಲ್ಲಿ ಕೂತಿದ್ದಂತೂ ಹೌದು. ನನ್ನ ನಗು ನಿಂತಿತು. ಬ್ಯಾಗನ್ನು ಬಿಲ್ಲೆ ಸಮೇತ ಕಸದ ಗಾಡಿಗೆ ಎಸೆದು, ಫೈಲನ್ನು ತಂಗಿಯ ಮದುವೆಯ ತಾಂಬೂಲದ ಚೀಲಕ್ಕೇ ಹಾಕಿಕೊಂಡು ಬಸ್ಸಿಗೆ ಓಡಿದೆ. ಕೊಡಿಗೇಹಳ್ಳಿ ಗೇಟಿನಲ್ಲಿ ಬಸ್ಸು ನಿಂತಷ್ಟು ಹೊತ್ತೂ ಆ ಬಿಲ್ಲೆಯದೇ ಚಿಂತೆ.

ಹನ್ನೊಂದು ಗಂಟೆಗೆ ನರ್ಸ್ ಬಂದು ಹೆಣ್ಣು ಮಗು ಅಂದಳು. ತಾಯಿ ಮಗು ಇಬ್ಬರೂ ಕ್ಷೇಮ. ಅಮ್ಮ ಗೋಡೆಗೆ ಒರಗಿ ಗಟ್ಟಿಯಾಗಿ ಅತ್ತು, ಮುಖ ತೊಳೆಯಲು ಹೋದಳು. ಗಂಡಿನ ಮನೆಯವರು ಫೋನುಗಳಿಗೆ ಬಿದ್ದರು. ಅಜ್ಜಿ ಒಬ್ಬರೇ ಕಾರಿಡಾರಿನ ಬೆಂಚಿನ ಮೇಲೆ ಉಳಿದರು. ಪಕ್ಕದಲ್ಲಿ ಹೋಗಿ ಕೂತೆ.

"ಏನಮ್ಮಾ ಅದು ಸೆರಗಿಗೆ, ಹೊಟ್ಟು?" ಅಂದರು.

ಧೈರ್ಯ ಎಲ್ಲಿಂದ ಬಂತೋ, ಮೊದಲಿನಿಂದ ಹೇಳಿಬಿಟ್ಟೆ. ಕಲ್ಯಾಣ ಮಂಟಪ, ಲೈಟರು, ಸುಳ್ಳು, ತಪ್ಪುಕಾಣಿಕೆ, ಕೊನೆಗೆ ಆ ಬಿಲ್ಲೆಯನ್ನೂ ಬಿಡಲಿಲ್ಲ. ಅಜ್ಜಿ ನಗುತ್ತಾರೆ ಅಥವಾ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎರಡೂ ಮಾಡಲಿಲ್ಲ. ನನ್ನ ಸೆರಗಿನ ಹೊಟ್ಟು ನೋಡುತ್ತಲೇ ಹೇಳಿದರು:

"ಅವತ್ತು ಬೆಳಗಿನ ಜಾವ ನನ್ನ ತಮ್ಮ ಹೋಗ್ಬಿಟ್ಟ. ತುಮಕೂರಲ್ಲಿ. ಅವನ ಮಗನೇ ಫೋನ್ ಮಾಡಿದ್ದ, ನಾನೇ ಎತ್ತಿದ್ದು. ಸಂಜೆವರೆಗೂ ಯಾರಿಗೂ ಹೇಳ್ಬೇಡ ಕಣಪ್ಪಾ, ನನಗೆ ಕಾಯ್ಬೇಡಿ ಅಂದೆ. ಹೇಳಿದ್ರೆ ಇವರು ನಿಲ್ಲಿಸ್ತಿದ್ರು. ನಿಮ್ಮ ತಂಗೀಗೆ ಎರಡು ಸಲ ತಪ್ಪಿದೆ ಅಂತ ನಿಮ್ಮಮ್ಮ ಹೇಳಿದ್ರಲ್ಲ, ಮತ್ತೆ ನಿಂತ್ರೆ ಆ ಹುಡುಗಿ ಹಣೆಬರಹ ಸರಿಯಿಲ್ಲ ಅಂತ ಆಡ್ಕೋತಾರೆ. ತಲೆಗೆ ನೀರು ಹಾಕ್ಕೊಂಡು ಬಂದು ಬಾಗಿಲಲ್ಲಿ ಕೂತೆ. ಮೈಲಿಗೇಲಿ ಏನನ್ನೂ ಮುಟ್ಟಬಾರದು ಅಂತ. ಒಂದು ತಪ್ಪು ನಾನೇ ಮಾಡಿದೀನಿ, ಇನ್ನೊಂದು ಒಳಗೆ ಹೋಗ್ಬಾರದು ಅಂತ ಬಂದೋರನ್ನೆಲ್ಲಾ ಕೇಳ್ತಾ ಕೂತಿದ್ದೆ. ನಿನ್ನೂ ಕೇಳಿದೆ."

ಒದ್ದೆ ತಲೆ, ಕೆಂಪು ಕಣ್ಣು, ಹಿಂದಕ್ಕೆಳೆದುಕೊಂಡ ಕಾಲು ನೆನಪಾದವು. ಅಜ್ಜಿ ನಮ್ಮಿಂದ ದೂರ ಕೂತಿದ್ದಾರೆ ಅಂದುಕೊಂಡಿದ್ದೆ. ಅವರು ಕೂತಿದ್ದದ್ದು ನಮ್ಮನ್ನು ತಮ್ಮಿಂದ ದೂರ ಇಡಲು. ಸ್ವಂತ ತಮ್ಮನ ಮುಖ ನೋಡಲೂ ಹೋಗದೆ ಆ ಹೆಂಗಸು ನನ್ನ ತಂಗಿಯ ನಿಶ್ಚಿತಾರ್ಥಕ್ಕೆ ಕಾವಲು ಕೂತಿದ್ದರು, ನಾನು ಅವತ್ತಿಡೀ ಬ್ಯಾಗು ನೋಡುತ್ತಿದ್ದೆ.

"ಎರಡು ಸಲ ಬಸುರು ಹೋದಾಗ್ಲೂ ನನ್ನಿಂದ್ಲೇ ಅಂದ್ಕೊಂಡೆ. ಯಾರ ಹತ್ರ ಹೇಳ್ಲಿ?" ಅಂದರು.

ಅಷ್ಟರಲ್ಲಿ ನರ್ಸ್ ಮಗುವನ್ನು ಹಳದಿ ಟವೆಲಿನಲ್ಲಿ ಸುತ್ತಿ ತಂದು, ಯಾರು ತಗೋತೀರಾ ಅಂದಳು. ಹತ್ತಿರ ಇದ್ದವರು ನಾವಿಬ್ಬರೇ. ಅಜ್ಜಿ ಚಾಚಿದ ಕೈಯನ್ನು ಹಾಗೇ ಮಡಿಲಿಗೆ ವಾಪಸ್ ಎಳೆದುಕೊಂಡು ನನ್ನ ಮುಖ ನೋಡಿದರು.

"ನಾನು ಎತ್ಕೋಬಹುದೇನಮ್ಮಾ?"

ಮಡಿಯ ವಿಷಯದಲ್ಲಿ ಆ ಮನೆಯಲ್ಲಿ ಯಾರೂ ಅವರಿಗೆ ಎದುರಾಡಿದ್ದಿಲ್ಲ. ಅವರು ನನ್ನನ್ನು ಕೇಳುತ್ತಿದ್ದರು. ನನ್ನ ಎರಡೂ ಕೈಗೆ ಕಂದು ಹೊಟ್ಟು ಮೆತ್ತಿತ್ತು.

"ಇವತ್ತಿಂದ ಹತ್ತು ದಿನ ನಿಮ್ಮನೇಲಿ ಎಲ್ರಿಗೂ ಪುರುಡಿನ ಮೈಲಿಗೆ ಅಜ್ಜಿ," ಅಂದೆ. "ಯಾರ ಮೈಲಿಗೆ ಯಾರಿಗೆ ತಾಗತ್ತೆ? ತಗೊಳ್ಳಿ, ಎತ್ಕೊಳ್ಳಿ. ಕೈ ತೊಳ್ಕೊಂಡು ಬರಬೇಕಾದೋಳು ನಾನು."

ನಾನು ಕೈ ತೊಳೆದು ಬರುವಷ್ಟರಲ್ಲಿ ಮಗು ಅವರ ತೊಡೆಯ ಮೇಲಿತ್ತು. ಅವರು ಅದರ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು.