ತಾಳೆ ಟೀಚರ್ ಬರೆದ ಚತುರ್ಭುಜ

ನಮ್ಮ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರನ್ನು ಮಕ್ಕಳು ತಾಳೆ ಟೀಚರ್ ಎಂದೇ ಕರೆಯುತ್ತಿದ್ದರು. ಉತ್ತರ ಬಂದ ಕೂಡಲೇ ಪೆನ್ನು ಕೆಳಗಿಟ್ಟವರನ್ನು ಅವರು ಬಿಡುತ್ತಿರಲಿಲ್ಲ. "ಬಂತು ಅಂತ ಕುಣೀಬೇಡ. ಹಾಕಿ ತಾಳೆ ನೋಡು" ಎನ್ನುತ್ತಿದ್ದರು. ಸಿಕ್ಕ ಬೆಲೆಯನ್ನು ಮತ್ತೆ ಸಮೀಕರಣಕ್ಕೆ ಹಾಕಿ, ಎರಡೂ ಕಡೆ ಸಮವಾದದ್ದನ್ನು ಕಂಡ ಮೇಲೆಯೇ ಆ ಲೆಕ್ಕಕ್ಕೆ ಮುಕ್ತಿ. ನಾನು ಪಕ್ಕದ ಕೊಠಡಿಯಲ್ಲಿ ವ್ಯಾಕರಣ ಹೇಳಿಕೊಡುತ್ತಿದ್ದೆ. ಗೋಡೆಯಾಚೆಯ ಆ ದನಿ ಇಂದಿಗೂ ಕಿವಿಯಲ್ಲಿದೆ.

ನಿವೃತ್ತಿಯಾದ ಮೇಲೆ ಅವರು ಸೈಕಲ್ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ ಪಾಠ ಶುರುಮಾಡಿದರು. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಒಂದು ಕರಿಹಲಗೆ. ಸಂಜೆ ಪಾಠ ಮುಗಿಯುವ ಹೊತ್ತಿಗೆ ಮರುದಿನದ ಲೆಕ್ಕವನ್ನು ಅದರ ಮೇಲೆ ಬರೆದಿಡುವುದು ಅವರ ಪದ್ಧತಿ. ಮಕ್ಕಳು ಒಂದಿಷ್ಟು ತಲೆ ಕೆಡಿಸಿಕೊಂಡು ಬರಲಿ ಎಂದು.

ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಅವರ ಮೈದುನ ಇನ್ನೊಂದು ಟ್ಯೂಷನ್ ತೆರೆದ. ಗಣಿತದಲ್ಲಿ ಡುಮ್ಕಿ ಹೊಡೆದು ಕೂತಿದ್ದ ಅವನನ್ನು ಅಡುಗೆಮನೆಯ ನೆಲದ ಮೇಲೆ ಕೂರಿಸಿಕೊಂಡು, ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ಅವನ ಪುಸ್ತಕದ ಮೇಲೆ ಇಟ್ಟು ದಡ ಹತ್ತಿಸಿದವರು ಇದೇ ಅತ್ತಿಗೆ. ಈಗ ಅವನು ಎಲ್ಲರಿಗೂ ಶಾರ್ಟ್‌ಕಟ್ ಸಾರ್. "ನಂಗ್ಯಾರೂ ಹೇಳ್ಕೊಟ್ಟಿಲ್ಲ, ನಾನೇ ಕಲ್ತಿದ್ದು" ಎಂಬುದು ಅವನಿಗೆ ಬಾಯಿಪಾಠ. ಮೆಟ್ಟಿಲು ಹತ್ತುವಾಗ ಹಲಗೆಯ ಫೋಟೊ ತೆಗೆದುಕೊಂಡು, ಮರುದಿನ ಅದನ್ನೇ ತನ್ನ 'ಖಚಿತ ಪ್ರಶ್ನೆ' ಎಂದು ಮಾಡಿ ತೋರಿಸುತ್ತಿದ್ದ. ಅಷ್ಟಕ್ಕೇ ನಿಂತಿದ್ದರೆ ಟೀಚರ್ ನಕ್ಕು ಬಿಡುತ್ತಿದ್ದರೇನೋ. "ಅತ್ತಿಗೆಗೆ ಕಣ್ಣು ಮಂಜಾಗಿದೆ ಪಾಪ, ಪ್ಲಸ್ಸು ಯಾವುದು ಮೈನಸ್ಸು ಯಾವುದು ಗೊತ್ತಾಗಲ್ಲ" ಎಂದು ಪೋಷಕರ ಕಿವಿ ಊದಿದ. ಒಬ್ಬೊಬ್ಬರಾಗಿ ಮಕ್ಕಳು ಮೇಲಂತಸ್ತಿಗೆ ಹತ್ತಿ ಹೋದರು.

"ಬಿಟ್ಹಾಕಿ ಟೀಚರ್, ಮನೆಯವನೇ ತಾನೆ" ಎಂದೆ.

"ಮನೆಯವನು ಅಂತಾನೇ ಬಿಡಲ್ಲ ಮೇಷ್ಟ್ರೇ. ಅದೇ ಪೋಷಕರ ಮುಂದೆ, ಅದೇ ಬಾಯಲ್ಲಿ, ಆ ಎರಡೂ ಮಾತು ಅವನು ವಾಪಸ್ ತಗೋಬೇಕು."

"ಅದಕ್ಕೆ ತಪ್ಪು ಲೆಕ್ಕ ಬರೆದಿಡ್ತೀರಾ?"

"ಛೇ! ಮಕ್ಕಳು ನೋಡೋ ಹಲಗೆ ಅದು. ಲೆಕ್ಕ ಸರಿಯಾಗೇ ಇರುತ್ತೆ. ಅವನಿಗೆ ಅವಸರ ಜಾಸ್ತಿ, ನಂಗೆ ಅಷ್ಟು ಸಾಕು."

ಆಗ ಅವರು ನಕ್ಕ ನಗುವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮೈದುನ ಪೋಷಕರ ಸಭೆ ಕರೆದಿದ್ದ. ಅದರ ಮುನ್ನಾದಿನ ಟೀಚರ್ ಹಲಗೆಯ ಮೇಲೆ ಒಂದು ಚತುರ್ಭುಜ ಬರೆದರು. ಮೇಲಿನ ಬಾಹು 2x + 5, ಕೆಳಗಿನದು 3x − 4. ಎಡಗಡೆ x + 8, ಬಲಗಡೆ 2x − 3. ಅಡಿಯಲ್ಲಿ ಪ್ರಶ್ನೆ: x ನ ಯಾವುದಾದರೂ ಬೆಲೆಗೆ ಇದು ಸಮಾಂತರ ಚತುರ್ಭುಜವಾಗುತ್ತದೆಯೇ? ಚಿತ್ರ ನೋಡಿದರೆ ಅನುಮಾನವೇ ಬಾರದು, ಅಷ್ಟು ಲಕ್ಷಣವಾಗಿತ್ತು.

ಮರುದಿನ ನನ್ನನ್ನೂ ಕರೆದುಕೊಂಡು ಮೇಲೆ ಹತ್ತಿ ಕೊನೆಯ ಸಾಲಿನಲ್ಲಿ ಕುಳಿತರು. ಅವನು ಆ ಚಿತ್ರವನ್ನೇ ಬರೆದು ಪೋಷಕರ ಕಡೆ ತಿರುಗಿದ.

"ಎದುರುಬದುರಿನ ಬಾಹು ಸಮ ಮಾಡಿ. 2x + 5 = 3x − 4. ಎಕ್ಸ್ ಒಂಬತ್ತು. ಆಗುತ್ತೆ! ಒಂದೇ ಸಾಲು, ಮುಗೀತು."

ಚಪ್ಪಾಳೆ ಬಿತ್ತು. ಟೀಚರ್ ಎದ್ದು ನಿಂತರು.

"ಹಾಕಿ ತಾಳೆ ನೋಡಪ್ಪ."

"ಅಯ್ಯೋ ಅತ್ತಿಗೆ, ಈ ಕಣ್ಣಿಟ್ಕೊಂಡು ಯಾಕೆ ಮೆಟ್ಟಿಲು ಹತ್ತಿದ್ರಿ? ನೋಡಿ, ಹದಿನೆಂಟಕ್ಕೆ ಐದು ಸೇರಿದ್ರೆ ಇಪ್ಪತ್ಮೂರು. ಇಪ್ಪತ್ತೇಳರಲ್ಲಿ ನಾಲ್ಕು ಹೋದ್ರೂ ಇಪ್ಪತ್ಮೂರು. ಆಯ್ತಲ್ಲ?"

"ಆ ಜೊತೆ ಆಯ್ತು. ಇನ್ನೊಂದು ಜೊತೆ?"

ಅವನು ಬರೆದ. ಒಂಬತ್ತಕ್ಕೆ ಎಂಟು ಸೇರಿ ಹದಿನೇಳು. ಹದಿನೆಂಟರಲ್ಲಿ ಮೂರು ಕಳೆದು ಹದಿನೈದು. ಅಂಗೈಯಿಂದ ಒರೆಸಿ ಮತ್ತೆ ಬರೆದ. ಮತ್ತೆ ಹದಿನೈದೇ ಬಂತು.

ಮುಂದಿನ ಸಾಲಿನಲ್ಲಿದ್ದ ದರ್ಜಿ ಕತ್ತು ಚಾಚಿದ. "ಸಾರ್, ಒಂದು ತೋಳು ಉದ್ದ, ಒಂದು ಗಿಡ್ಡ ಆಗೋಯ್ತಲ್ಲ! ನನ್ನ ಗಿರಾಕಿ ಆಗಿದ್ರೆ ಅಂಗಿ ಮುಖಕ್ಕೇ ಎಸೀತಿದ್ದ."

ಕೋಣೆ ಗೊಳ್ಳೆಂದು ನಕ್ಕಿತು.

"ಈ ಜೊತೆ ಸಮ ಆಗಬೇಕಾದ್ರೆ ಎಕ್ಸ್ ಹನ್ನೊಂದು ಆಗಬೇಕು" ಎಂದರು ಟೀಚರ್, ಮಕ್ಕಳಿಗೆ ಹೇಳುವಷ್ಟೇ ಮೆತ್ತಗೆ. "ಒಂದೇ ಎಕ್ಸ್ ಒಂಬತ್ತೂ ಹನ್ನೊಂದೂ ಆಗಲ್ಲ. ಹಾಗಾಗಿ ಇದು ಯಾವತ್ತೂ ಸಮಾಂತರ ಚತುರ್ಭುಜ ಆಗಲ್ಲ. ಈಗ ಹೇಳು, ಮಂಜಾಗಿರೋದು ಯಾರ ಕಣ್ಣು?"

ಅವನು ಸೀಮೆಸುಣ್ಣವನ್ನು ಮುರಿದ, ಆ ತುಂಡನ್ನೂ ಮುರಿದ. ಕೊನೆಗೆ, "ನಂದೇ ಅತ್ತಿಗೆ. ನಿಮ್ಮ ಕಣ್ಣು ಚೆನ್ನಾಗೇ ಇದೆ" ಎಂದ.

ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. ನನಗೇ ಅಯ್ಯೋ ಎನಿಸಿ, "ಸಾಕು ಬನ್ನಿ ಟೀಚರ್" ಎಂದು ಪಿಸುಗುಟ್ಟಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

"ಒಂದು ಜೊತೆ ಸರಿಹೋಯ್ತು. ಇನ್ನೊಂದು ಬಾಕಿ ಇದೆ. ನಿಂಗೆ ಲೆಕ್ಕ ಕಲಿಸಿದ್ದು ಯಾರು?"

ನಗು ನಿಂತಿತು.

"ನೀವೇ" ಎಂದ, ಗಂಟಲಿನೊಳಗೇ.

ಟೀಚರ್ ನಿಧಾನವಾಗಿ ಕುಳಿತರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ನೋಡಿದರು.

"ಹಿಂದಿನ ಸಾಲಿಗೆ ಕೇಳಿಸಲಿಲ್ಲಪ್ಪ. ಗಟ್ಟಿಯಾಗಿ ಹೇಳು."