ಊಟಕ್ಕೆ ಮೊದಲು ಒಂದು ಗುಳಿಗೆ

ಮೂರು ತಿಂಗಳ ಹಿಂದೆ, ಒಂದು ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ನನಗೆ ಹಸಿವಾಗಲಿಲ್ಲ.

ಇದೂ ಒಂದು ಸುದ್ದಿಯೇ ಎಂದು ನೀವು ನಗಬಹುದು. ರಾಣೆಬೆನ್ನೂರಿನ ನಮ್ಮ ಬೀಜದ ಕಂಪನಿಯ ಆಫೀಸಿನಲ್ಲಿ ಅದು ಸುದ್ದಿಯೇ ಆಯಿತು. ಆರು ವರ್ಷಗಳಿಂದ ಹನ್ನೊಂದು ಹೊಡೆಯಿತೆಂದರೆ ನಾನು ಕುರ್ಚಿಯಲ್ಲಿ ಇರುತ್ತಿರಲಿಲ್ಲ. ಎದುರಿನ ಗಾಡಿಯಲ್ಲಿ ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ. ಕೆಲವು ದಿನ ಮೂರು. (ನಿಜವಾದ ಲೆಕ್ಕ ಬರೆಯಲಾರೆ, ಹೆಂಡತಿಯೂ ಈ ಅಂಕಣ ಓದುತ್ತಾಳೆ.) ಆ ದಿನ ನಾನು ಏಳಲಿಲ್ಲ. ಪಕ್ಕದ ಟೇಬಲ್ಲಿನ ಗೆಳೆಯ ಮೊದಲು ಗಡಿಯಾರ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಮೈಯಾಗ ಆರಾಮ ಇಲ್ಲೇನು ಎಂದು ಕೇಳಿದ.

ಆರಾಮಾಗಿಯೇ ಇದ್ದೆ. ಹಾಗಾದರೆ ಹಸಿವು ಎಲ್ಲಿಗೆ ಹೋಯಿತು?

ನನಗೆ ಶುಗರ್ ಬಂದು ಆರು ವರ್ಷ. ತೂಕ ಎಂಬತ್ತೆಂಟು ಕಿಲೋ. ಇಳಿಸು ಎಂದು ಹೆಂಡತಿ ಹೇಳಿದಳು, ಡಾಕ್ಟರು ಹೇಳಿದರು, ಕಡೆಗೆ ಮೊಣಕಾಲೂ ಹೇಳತೊಡಗಿತು. ಒಂದು ವರ್ಷ ವಾಕಿಂಗ್ ಮಾಡಿದೆ. ರಾತ್ರಿ ಅನ್ನ ಬಿಟ್ಟೆ. ಮೂರು ರೊಟ್ಟಿ ಎರಡಾಯಿತು. ತೂಕ ಮಾತ್ರ ಎಂಬತ್ತೆಂಟರಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಕೊನೆಗೆ ಹಾವೇರಿಯ ಒಬ್ಬ ಡಾಕ್ಟರ ಹತ್ತಿರ ಹೋದೆ. ಅವರು ರಿಪೋರ್ಟ್ ನೋಡಿ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು.

"ನಡುವ ಹೊತ್ತಿನ್ಯಾಗ ಕೈ ನಡುಗಿ, ಬೆವತು, ಏನರೆ ತಿನ್ನಲಿಕ್ಕೇ ಬೇಕು ಅನ್ನಿಸ್ತೈತೇನ್ರಿ?"

ಹೌದು, ಹಸಿವು ಅಂದರೆ ಅದೇ ಅಲ್ಲವೇ ಎಂದೆ.

ಅಲ್ಲವಂತೆ. ನಾನು ನುಂಗುತ್ತಿದ್ದ ಗುಳಿಗೆ, ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ನೋಡುವುದಿಲ್ಲ. ತನ್ನ ಪಾಡಿಗೆ ಶುಗರ್ ಇಳಿಸುತ್ತಲೇ ಇರುತ್ತದೆ. ತೀರಾ ಇಳಿದಾಗ ಮೈ ಗಾಬರಿಯಾಗಿ ತಿನ್ನು ತಿನ್ನು ಎನ್ನುತ್ತದೆ. ನಾವು ತಿನ್ನುತ್ತೇವೆ. ತೂಕ ಇಳಿಯುವುದು ಎಲ್ಲಿಂದ ಬಂತು? ಡಾಕ್ಟರು ಗುಳಿಗೆ ಬದಲಿಸಿದರು. (ಹೆಸರು ಕೇಳಿ ಫೋನ್ ಮಾಡಬೇಡಿ. ನನ್ನ ಮೈಗೆ ಒಗ್ಗಿದ್ದು ನಿಮ್ಮ ಮೈಗೆ ಒಗ್ಗಬೇಕೆಂದಿಲ್ಲ. ನಿಮ್ಮ ಡಾಕ್ಟರನ್ನು ಕೇಳಿ.)

ಹತ್ತು ದಿನಕ್ಕೆ ಆ ಬುಧವಾರ ಬಂತು. ಇಲ್ಲಿಯವರೆಗೆ ನಾಲ್ಕು ಕಿಲೋ ಇಳಿದಿದ್ದೇನೆ.

ತೂಕಕ್ಕಿಂತ ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಆರು ವರ್ಷ ನನ್ನದು ಎಂದುಕೊಂಡಿದ್ದ ಹಸಿವಿನಲ್ಲಿ ನನ್ನದೆಷ್ಟು, ಗುಳಿಗೆಯದೆಷ್ಟು? ಈಗ ಬರುವ ಹಸಿವು ಸಾವಕಾಶ ಬರುತ್ತದೆ. ಅರ್ಧ ತಾಸು ತಡಿ ಎಂದರೆ ತಡೆಯುತ್ತದೆ. ಇಷ್ಟು ಮರ್ಯಾದಸ್ಥ ಹಸಿವು ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಆದರೆ ಮಿರ್ಚಿ ಕರಿಯುವ ವಾಸನೆಗೆ ಇವತ್ತಿಗೂ ಬಾಯಲ್ಲಿ ನೀರು ಬರುತ್ತದೆ. ಅದು ಶುದ್ಧ ನನ್ನದೇ, ಯಾವ ಗುಳಿಗೆಯ ತಲೆಗೂ ಕಟ್ಟುವಂತಿಲ್ಲ.

ಈ ಸಂಶೋಧನೆಯನ್ನು ಹೊತ್ತುಕೊಂಡು ಬ್ಯಾಡಗಿಗೆ ಹೋದೆ. ಅಲ್ಲಿ ನನ್ನ ಅಕ್ಕನ ಮನೆ. ಅಕ್ಕನಿಗೆ ಅರವತ್ತೆರಡು, ಶುಗರ್ ಬಂದು ಹನ್ನೆರಡು ವರ್ಷ. ಶುಗರಿನಲ್ಲೂ ಆಕೆ ನನಗೆ ಹಿರಿಯಳೇ. ಬಾಗಿಲಲ್ಲೇ ನೋಡಿ, "ಯಾಕೋ ತಮ್ಮಾ, ಹಿಂಗ ಸೊರಗೀದಿ" ಎಂದು ಗಾಬರಿಯಾದಳು. (ನಮ್ಮ ಕಡೆ ತೂಕ ಇಳಿಸಿದವನಿಗೆ ಶಾಬಾಸ್ ಎನ್ನುವ ಪದ್ಧತಿ ಇಲ್ಲ. ಏನು ಜಡ್ಡು ಎಂದು ಕೇಳುವುದೇ ಪದ್ಧತಿ.)

ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿ, ಸುತ್ತಲೂ ತೊಟ್ಟು ಬಿಡಿಸಲು ಬಂದ ನಾಲ್ಕು ಹೆಣ್ಣುಮಕ್ಕಳು. ಅಕ್ಕನೂ ಅವರ ಜೊತೆ ತೊಟ್ಟು ಬಿಡಿಸುತ್ತ ಕೂತಳು. ನಾನು ಎರಡು ಸಲ ಸೀನಿ ನನ್ನ ಕಥೆ ಹೇಳಿದೆ. ಕೇಳುತ್ತ ಕೇಳುತ್ತ ಆಕೆಯ ಕೈ ನಿಂತಿತು. ನನಗೂ ಹಿಂಗ ಕೈ ನಡಗ್ತಾವಲ್ಲೋ ಎಂದು ಎದ್ದು ಹೋಗಿ ತನ್ನ ಗುಳಿಗೆಯ ಡಬ್ಬಿ ತಂದಳು. ನೋಡಿದರೆ ನನ್ನ ಹಳೆಯ ಗುಳಿಗೆಯೇ. ಡೋಸ್ ಮಾತ್ರ ಎರಡು ಪಟ್ಟು.

ಯಾವಾಗ ತಗೋತಿ ಎಂದು ಕೇಳಿದೆ. ಊಟಕ್ಕ ಮೊದಲ ಅಂತ ಡಾಕ್ಟರು ಬರದಾರ, ಮುಂಜಾನೆ ಚಾದ ಜೋಡಿ ತಗೋತೇನಿ ಎಂದಳು. ಚಾ ಎಷ್ಟಕ್ಕೆ? ಆರೂವರೆಗೆ. ಊಟ ಎಷ್ಟಕ್ಕೆ?

ಒಂದಕ್ಕೆ.

ನಾನು ಬೆರಳು ಮಡಚಿ ಎಣಿಸಿದೆ. ಆರೂವರೆ ತಾಸು. ಡಾಕ್ಟರು ಬರೆದದ್ದು ಅರ್ಧ ತಾಸಿನ ಮಾತು. ಅಕ್ಕ ಅದನ್ನು ಅಕ್ಷರಶಃ ಪಾಲಿಸಿದ್ದಳು: ಊಟಕ್ಕೆ ಮೊದಲು ಎಂದರೆ ಊಟಕ್ಕೆ ಮೊದಲು. ಆಕೆಯ ಊಟ ಯಾವಾಗ ಎಂದು ಯಾರೂ ಕೇಳಿರಲಿಲ್ಲ. ಭಾವನ ಪೂಜೆ ಮುಗಿಯಬೇಕು, ಗಂಡಸರ ರೊಟ್ಟಿ ಆಗಬೇಕು, ಕೆಲಸಕ್ಕೆ ಬಂದವರಿಗೆ ಚಾ ಆಗಬೇಕು. ಮನೆಯವರದ್ದೆಲ್ಲ ಆಗದೆ ಅಕ್ಕ ತಾಟಿಗೆ ಕೈ ಹಾಕಿದವಳಲ್ಲ. ನಡುವೆ ಎರಡು ಸಲ ಸಕ್ಕರೆ ಇಲ್ಲದ ಚಾ, ಅಷ್ಟೇ.

ಅಷ್ಟೇ ಅಲ್ಲ. ಬೆಲ್ಲವೂ ಇತ್ತು. ಅದನ್ನು ನಾನೇ ಹಿಡಿದಿದ್ದೆ.

ಎಂಟು ವರ್ಷದ ಹಿಂದೆ ಒಂದು ಹಬ್ಬಕ್ಕೆ ಹೋಗಿದ್ದೆ. ನೀರು ಕುಡಿಯಲು ಅಡುಗೆಮನೆಗೆ ಹೋದರೆ, ಅಕ್ಕ ಬೆಲ್ಲದ ಡಬ್ಬಿಯ ಮುಂದೆ ಕೂತು ಗಬಗಬ ಬೆಲ್ಲ ತಿನ್ನುತ್ತಿದ್ದಳು. ನಾನು ಅದನ್ನು ನೆರೆದ ಬೀಗರ ಮುಂದೆ ದೊಡ್ಡ ಜೋಕು ಮಾಡಿ ಹೇಳಿದೆ. ಸಕ್ಕರೆ ಜಡ್ಡಿನವಳ ಬಾಯಿಚಪಲ ನೋಡಿರಿ ಎಂದೆ. ಎಲ್ಲರೂ ನಕ್ಕರು. ಭಾವ ಆವತ್ತೇ ಬೆಲ್ಲದ ಡಬ್ಬಿಯನ್ನು ಕೈಗೆಟುಕದ ಅಟ್ಟಕ್ಕೆ ಏರಿಸಿದರು, ಆಕೆಯ ಒಳ್ಳೆಯದಕ್ಕೇ. ಹೋದ ವರ್ಷ ಅಕ್ಕ ಇದೇ ಮೆಣಸಿನಕಾಯಿ ರಾಶಿಯ ಪಕ್ಕದಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಳು. ಘಾಟು ನೆತ್ತಿಗೇರಿದೆ ಎಂದು ಮನೆಯವರು ಬಾಯಿಗೆ ಸಕ್ಕರೆ ನೀರು ಹಾಕಿದರು. ಎದ್ದಳು. ಯಾವುದರಿಂದ ಎದ್ದಳು ಎಂದು ಯಾರೂ ಯೋಚಿಸಲಿಲ್ಲ.

ನನಗೆ ನಾಚಿಕೆಯಾಯಿತು. ಭಯವೂ ಆಯಿತು. ಒಂದು ಜೋಕಿಗೆ ಅಕ್ಕನನ್ನೇ ಕಳೆದುಕೊಳ್ಳಬಹುದಿತ್ತಲ್ಲ? ಕೈ ನಡುಗುತ್ತಿದೆ ಎಂದು ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಕ್ಕ ಒಂದು ತೊಟ್ಟು ಮುರಿದು ಬುಟ್ಟಿಗೆ ಹಾಕಿದಳು.

"ಬೆಲ್ಲ ತಿಂದ್ಯೇನ ಅಂತ ಎಲ್ಲಾರೂ ಕೇಳಿದ್ರಿ. ಯಾಕ ತಿಂದಿ ಅಂತ ಯಾರೂ ಕೇಳಲಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಸುಮ್ಮನೆ ಹೇಳಿದಳು.

ಮರುದಿನವೇ ಹಾವೇರಿಗೆ ಕರೆದುಕೊಂಡು ಹೋದೆ. ಅದೇ ಡಾಕ್ಟರು. ಆಕೆಯದನ್ನೆಲ್ಲ ಕೇಳಿ, ಪರೀಕ್ಷೆ ಮಾಡಿಸಿ, ಗುಳಿಗೆ ಬದಲಿಸಿದರು. ಜೊತೆಗೆ ಒಂದು ಕಟ್ಟುನಿಟ್ಟಿನ ಮಾತು: ಎಂಟು ಗಂಟೆಗೆ ರೊಟ್ಟಿ ತಿನ್ನಲೇಬೇಕು, ಯಾರದು ಆಗಲಿ ಬಿಡಲಿ. ಮನೆಗೆ ಬಂದು ಹೇಳಿದರೆ ಭಾವ ತಕ್ಷಣ ಒಪ್ಪಿದರು. ಉಣ್ಣಲಿ, ಯಾರು ಬ್ಯಾಡ ಅಂದಾರ ಎಂದರು. ಖರೇ ಮಾತು. ಯಾರೂ ಬೇಡ ಎಂದಿರಲೇ ಇಲ್ಲ.

ನಿನ್ನೆ ಅಕ್ಕನಿಗೆ ಫೋನ್ ಮಾಡಿದ್ದೆ. ಕೈ ನಡುಗುವುದು ನಿಂತಿದೆಯಂತೆ. ಅಟ್ಟದ ಬೆಲ್ಲದ ನೆನಪೂ ಬರುವುದಿಲ್ಲವಂತೆ. ಒಂದೂವರೆ ಕಿಲೋ ಇಳಿದಿದ್ದಾಳೆ, ಓಣಿಯವರೆಲ್ಲ ಸೊರಗೀರಿ ಎನ್ನುತ್ತಿದ್ದಾರೆ. ಎಂಟಕ್ಕೆ ರೊಟ್ಟಿ ತಿನ್ನುತ್ತಿದ್ದೀಯಾ ಎಂದು ಕೇಳಿದೆ.

"ತಿಂತೇನಿ, ಒಲಿ ಮುಂದ ನಿಂತು. ಗುಳಿಗಿ ನುಂಗೂದು ಸಲೀಸ ಐತಿ ತಮ್ಮಾ. ಎಲ್ಲಾರಕಿಂತ ಮೊದಲ ತಾಟ ಹಾಕ್ಕೊಂಡು ಕುಂದ್ರೂದ ಗಂಟಲದಾಗ ಇಳಿಯವಲ್ದು."

ಹಾಗಾದರೆ ಇಷ್ಟು ವರ್ಷ ಗುಳಿಗೆ ಬದಲಿಸಬೇಕಾಗಿದ್ದದ್ದು ಅಕ್ಕನಿಗೋ, ನಮಗೋ?